ಸಭೆಯ ಮಾತು ಕಡಿಯದಿರಲಿ: ಗಣಕಯಂತ್ರದ ಧ್ವನಿದೋಷ ಮತ್ತು ಪರಿಹಾರ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಒಮ್ಮೆ ಒಂದು ಪಂಚಾಯಿತಿ ಕಚೇರಿಯಲ್ಲಿ ಸದಸ್ಯರೊಂದಿಗೆ ಕುಳಿತು ವಿಡಿಯೋ ಸಂವಾದವನ್ನು ಆಲಿಸುತ್ತಿದ್ದೆ. ಅರ್ಜಿ ಸಲ್ಲಿಸುವ ಕೊನೆಯ ದಿನಾಂಕವನ್ನು ತಿಳಿಸುವ ವೇಳೆಗೆ ಸರಿಯಾಗಿ ಧ್ವನಿ ಕರಕರಗುಟ್ಟಿ ಕಡಿಯಿತು. ಕೇಳಿಸಿದ್ದು ‘ಐದು’ ಎಂಬ ಕೊನೆಯ ತುಣುಕು ಮಾತ್ರ. ಒಬ್ಬರು ಹದಿನೈದು ಎಂದು ಬರೆದುಕೊಂಡರು, ಮತ್ತೊಬ್ಬರು ಇಪ್ಪತ್ತೈದು ಎಂದು. ಪುನಃ ಕೇಳಲು ಎಲ್ಲರಿಗೂ ಸಂಕೋಚ.

ನಮ್ಮ ನುಡಿಯಲ್ಲಿ ಹೌದು, ಇಲ್ಲ ಎಂಬುದು ಪದದ ಕೊನೆಯಲ್ಲಿರುತ್ತದೆ. ‘ಮಂಜೂರಾಗಿದೆ’, ‘ಮಂಜೂರಾಗಿಲ್ಲ’ ಎಂಬ ಮಾತುಗಳ ಕೊನೆಯ ಅಕ್ಷರ ನುಂಗಿಹೋದರೆ ಅರ್ಥವೇ ತಿಳಿಯದು. ಆದ್ದರಿಂದ ಧ್ವನಿದೋಷವನ್ನು ಕೇವಲ ಯಂತ್ರದ ಕಿರಿಕಿರಿ ಎಂದು ಕಡೆಗಣಿಸದೆ, ಸಭೆಯ ನಡವಳಿಗೆ ತಗಲುವ ದೋಷವೆಂದು ಪರಿಗಣಿಸಬೇಕಾಗಿ ವಿನಂತಿಸುತ್ತೇನೆ.

ದೋಷಕ್ಕೆ ಕಾರಣವೇನು? ಗಣಕಯಂತ್ರವು ಧ್ವನಿಯನ್ನು ಸಾಮಾನ್ಯವಾಗಿ ಸೆಕೆಂಡಿಗೆ 44,100 ಅಥವಾ 48,000 ಅಂಕಿಗಳ ರೂಪದಲ್ಲಿ ನಿರ್ವಹಿಸುತ್ತದೆ. ಈ ಅಂಕಿಗಳು ಬಫರ್ ಎಂಬ ಪುಟ್ಟ ಸಂಗ್ರಹದಲ್ಲಿ ತುಂಬಿ, ಅಲ್ಲಿಂದ ಸ್ಪೀಕರಿಗೆ ಹರಿಯುತ್ತವೆ. ಇದು ನಮ್ಮೂರಿನ ಓವರ್‌ಹೆಡ್ ಟ್ಯಾಂಕಿನಂತೆಯೇ. ಪಂಪು ತುಂಬುವುದು ತಡವಾಗಿ ಟ್ಯಾಂಕು ಬರಿದಾದರೆ ನಲ್ಲಿಯಲ್ಲಿ ಗಾಳಿ ಬರುತ್ತದೆ. ಬಫರ್ ಬರಿದಾದರೆ ಚಟಪಟ ಸದ್ದು ಕೇಳುತ್ತದೆ, ಇಲ್ಲವೇ ಮಾತು ಕಡಿಯುತ್ತದೆ.

ದೋಷ ಕಂಡೊಡನೆ ಎಲ್ಲವನ್ನೂ ಒಮ್ಮೆಗೇ ಬದಲಾಯಿಸಬಾರದು. ಮೊದಲು ದೋಷವಿರುವ ಸ್ಥಳವನ್ನು ಮೂರು ಪರೀಕ್ಷೆಗಳಿಂದ ಗುರುತಿಸಬೇಕು.

ಮೊದಲನೆಯದು: ಯಂತ್ರದಲ್ಲೇ ಉಳಿಸಿಟ್ಟ ಧ್ವನಿಮುದ್ರಣವೊಂದನ್ನು ತಂತಿಯುಳ್ಳ ಹೆಡ್‌ಫೋನಿನಲ್ಲಿ ಆಲಿಸಿರಿ. ಬೇರೊಂದು ಹೆಡ್‌ಫೋನಿನಲ್ಲಿಯೂ ಕರಕರ ಸದ್ದು ಬಂದರೆ ದೋಷ ಗಣಕಯಂತ್ರದ್ದು. ಆಗ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು, ಪ್ರೊಸೆಸರಿನ ಮೇಲೆ ಹೊರೆ ಹಾಕುತ್ತಿರುವ ಕಾರ್ಯಕ್ರಮ ಯಾವುದೆಂದು ನೋಡಿರಿ. ಅನಗತ್ಯವಾದವನ್ನು ಮುಚ್ಚಿರಿ. ವಿಂಡೋಸ್ ಅಪ್‌ಡೇಟ್ ಮತ್ತು ಆಂಟಿವೈರಸ್ ಸ್ಕ್ಯಾನ್ ಸಭೆಯ ವೇಳೆಯಲ್ಲಿ ನಡೆಯದಂತೆ ಸಮಯ ನಿಗದಿಪಡಿಸಿರಿ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಜೋಡಿಸಿ, ಬ್ಯಾಟರಿ ಸೇವರ್ ನಿಲ್ಲಿಸಿರಿ. ಯುಎಸ್‌ಬಿ ಮೈಕನ್ನು ಹಬ್ ಬಿಟ್ಟು ನೇರವಾಗಿ ಯಂತ್ರಕ್ಕೇ ಜೋಡಿಸಿರಿ. ಆದರೂ ನಿಲ್ಲದಿದ್ದರೆ, ತಯಾರಕರು ಒದಗಿಸಿದ ಆಡಿಯೋ ಡ್ರೈವರನ್ನು ಮರುಸ್ಥಾಪಿಸುವಂತೆ ಗಣಕಯಂತ್ರ ನಿರ್ವಾಹಕರಿಗೆ ತಿಳಿಸಿರಿ.

ಎರಡನೆಯದು: ಅದೇ ಮುದ್ರಣವನ್ನು ಸಭಾಂಗಣದ ಧ್ವನಿವರ್ಧಕದಲ್ಲಿ ಆಲಿಸಿರಿ. ಹೆಡ್‌ಫೋನಿನಲ್ಲಿ ಶುದ್ಧವಾಗಿದ್ದು ಇಲ್ಲಿ ಮಾತ್ರ ಸದ್ದು ಬಂದರೆ, ಕೇಬಲ್, ಜ್ಯಾಕ್ ಅಥವಾ ಆಂಪ್ಲಿಫೈಯರ್ ಕಾರಣ. ಕೇಬಲನ್ನು ಮೆಲ್ಲಗೆ ಅಲುಗಿಸಿದಾಗ ಸದ್ದು ಬದಲಾದರೆ ಕೇಬಲ್ ಬದಲಿಸಿದರೆ ಸಾಕು, ಗಣಕಯಂತ್ರವನ್ನು ರಿಪೇರಿಗೆ ಕಳುಹಿಸಬೇಕಿಲ್ಲ. ಒಂದೇ ಸಮನೆ ಗುಂಯ್ ಎನ್ನುವ ಸದ್ದು ಬಹುತೇಕ 50 ಹರ್ಟ್ಸ್ ವಿದ್ಯುತ್ ಪೂರೈಕೆಯಿಂದ ಬಂದದ್ದು. ಗಣಕಯಂತ್ರ ಮತ್ತು ಆಂಪ್ಲಿಫೈಯರ್ ಎರಡಕ್ಕೂ ಒಂದೇ ಸ್ವಿಚ್ ಬೋರ್ಡಿನಿಂದ ವಿದ್ಯುತ್ ಕೊಟ್ಟು ನೋಡಿರಿ. ಸದ್ದು ನಿಲ್ಲಿಸುವುದಕ್ಕಾಗಿ ಅರ್ಥಿಂಗ್ ಪಿನ್ನನ್ನು ಎಂದಿಗೂ ತೆಗೆಯಬೇಡಿರಿ, ಅದು ಪ್ರಾಣಾಪಾಯಕರ.

ಮೂರನೆಯದು: ಈ ಎರಡೂ ಪರೀಕ್ಷೆಗಳಲ್ಲಿ ಧ್ವನಿ ಶುದ್ಧವಾಗಿದ್ದು, ಸಂವಾದದಲ್ಲಿ ಮಾತ್ರ ಕಡಿಯುತ್ತಿದ್ದರೆ ದೋಷ ಅಂತರ್ಜಾಲ ಸಂಪರ್ಕದಲ್ಲಿರುವ ಸಂಭವ ಹೆಚ್ಚು. ಅದೇ ಸಂವಾದದಲ್ಲಿರುವ ನೆರೆಯ ಪಂಚಾಯಿತಿಯವರನ್ನೂ ವಿಚಾರಿಸಿರಿ. ಅವರಿಗೂ ಕಡಿಯುತ್ತಿದ್ದರೆ ದೋಷ ಮಾತನಾಡುವವರ ಕಡೆಯದಾಗಿರಬಹುದು. ಮಾತಿನ ತುಣುಕು ವೇಳೆಗೆ ತಲುಪದಿದ್ದರೆ ತಂತ್ರಾಂಶವು ಅದನ್ನು ಕೈಬಿಟ್ಟು ಮುಂದೆ ಸಾಗುತ್ತದೆ. ವೈಫೈ ಬದಲು ಲ್ಯಾನ್ ಕೇಬಲ್ ಬಳಸಿರಿ. ಅದೇ ಸಂಪರ್ಕದಲ್ಲಿ ನಡೆಯುವ ಡೌನ್‌ಲೋಡ್‌ಗಳನ್ನು ನಿಲ್ಲಿಸಿರಿ. ಅಗತ್ಯವಾದರೆ ತಮ್ಮ ಕಡೆಯ ಕ್ಯಾಮೆರಾ ಆರಿಸಿರಿ.

ನಮ್ಮ ಮಾತೂ ಇತರರಿಗೆ ತಲುಪಬೇಕಲ್ಲವೇ? ಸಭೆಗೆ ಅರ್ಧ ಗಂಟೆ ಮುಂಚೆ ಒಂದು ನಿಮಿಷ ಮಾತನಾಡಿ, ಮುದ್ರಿಸಿ, ಕೇಳಿ ನೋಡುವ ರೂಢಿ ಬೆಳೆಯಲಿ.

ಇಷ್ಟಾದರೂ ಧ್ವನಿ ಕಡಿಯಬಹುದು. ಆಗ ಊಹಿಸಿ ಬರೆದುಕೊಳ್ಳಬೇಡಿರಿ. ‘ಮಾತು ಕೇಳಿಸಲಿಲ್ಲ, ದಯಮಾಡಿ ಮತ್ತೊಮ್ಮೆ ಹೇಳಿರಿ’ ಎನ್ನುವುದು ಅವಿಧೇಯತೆಯಲ್ಲ, ಅದು ಸದಸ್ಯರ ಕರ್ತವ್ಯ. ದಿನಾಂಕ, ಮೊತ್ತ, ಫಲಾನುಭವಿಗಳ ಸಂಖ್ಯೆ ಇವನ್ನು ಲಿಖಿತವಾಗಿ ಖಚಿತಪಡಿಸಿಕೊಂಡ ನಂತರವೇ ಗ್ರಾಮಸ್ಥರಿಗೆ ತಿಳಿಸಿರಿ. ನಾನು ಹೇಳಿದ ಆ ಪಂಚಾಯಿತಿಯಲ್ಲಿಯೂ ಕೊನೆಗೆ ಒಬ್ಬ ಸದಸ್ಯೆ ಎದ್ದುನಿಂತು ಮತ್ತೆ ಕೇಳಿದರು. ಹೇಳಿದ್ದು ಹದಿನೈದು. ಅವರು ಕೇಳದೆ ಕುಳಿತಿದ್ದರೆ ಇಪ್ಪತ್ತೈದೆಂದು ನಂಬಿದವರ ಅರ್ಜಿಗಳು ಹತ್ತು ದಿನ ತಡವಾಗುತ್ತಿದ್ದವು.