ಚಳಿಯ ದಿನದ ಓಟ, ಬೇಸಗೆಯ ಟಯರು

ಮಾಗಿಯ ಮುಂಜಾವಿನಲ್ಲಿ ಕೊಬ್ಬರಿ ಎಣ್ಣೆಯ ಸೀಸೆಯನ್ನು ನೀವು ಬೋರಲು ಹಿಡಿದು ನೋಡಿರಬಹುದು. ಹಿಂದಿನ ಮಧ್ಯಾಹ್ನ ನೀರಿನಂತೆ ಹರಿಯುತ್ತಿದ್ದ ಎಣ್ಣೆ ಈಗ ಮೇಣದಂತೆ ಗಟ್ಟಿಯಾಗಿ ಕುಳಿತಿರುತ್ತದೆ. ಎಣ್ಣೆ ಕೆಟ್ಟಿಲ್ಲ, ಬದಲಾದದ್ದು ಹವೆ. ಈ ಸಣ್ಣ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ನಾನು ಹೇಳಹೊರಟಿರುವ ವಿಷಯ ನಿಮಗೆ ಸುಲಭವಾದೀತು.

ಅಮೆರಿಕದಲ್ಲಿ ನೆಲಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಒಂದು ನವೆಂಬರಿನಲ್ಲಿ ದೂರವಾಣಿಯ ಮೂಲಕ ಮಾತನಾಡಿದನು. “ಮೇಷ್ಟ್ರೇ, ಪೇಟೆಯಲ್ಲೇ ಹೆಸರಾದ ಟಯರನ್ನು ದುಡ್ಡು ಸುರಿದು ಕೊಂಡೆ. ಓಟದಲ್ಲಿ ಜಾರಿತು, ಹೋಗಲಿ. ಮನೆಗೆ ಬರುವಾಗ ಕೂಡುರಸ್ತೆಯಲ್ಲೂ ಜಾರಿತು. ಎದುರಿಗೆ ಯಾರೂ ಇರಲಿಲ್ಲ, ಅದೇ ಪುಣ್ಯ” ಎಂದನು. ಕನ್ನಡ ಪಾಠ ಹೇಳುವವನಿಗೂ ಟಯರಿಗೂ ಏನು ನಂಟು ಎಂದು ನೀವು ಕೇಳಬಹುದು. ಆದರೆ ಆ ಕೊನೆಯ ಮಾತು ನನ್ನನ್ನು ಸುಮ್ಮನಿರಗೊಡಲಿಲ್ಲ. ನಮ್ಮ ಶಾಲೆಯ ವಿಜ್ಞಾನದ ಉಪಾಧ್ಯಾಯರನ್ನು ಕೇಳಿ, ಒಂದಿಷ್ಟು ಓದಿ ತಿಳಿದುಕೊಂಡದ್ದನ್ನು ಇಲ್ಲಿ ಒಪ್ಪಿಸುತ್ತಿದ್ದೇನೆ.

ಅವನು ಆಡುವ ಆಟಕ್ಕೆ ಆಟೋಕ್ರಾಸ್ ಎಂದು ಹೆಸರು. ವಿಶಾಲವಾದ ಬಯಲಿನಲ್ಲಿ, ಬಹುಮಟ್ಟಿಗೆ ವಾಹನ ನಿಲ್ಲಿಸುವ ಅಂಗಳದಲ್ಲೋ ಹಳೆಯ ವಿಮಾನ ನಿಲ್ದಾಣದಲ್ಲೋ, ರಬ್ಬರಿನ ಶಂಕುಗಳನ್ನು ನಿಲ್ಲಿಸಿ ಅಂಕುಡೊಂಕಾದ ದಾರಿಯನ್ನು ಗುರುತಿಸುತ್ತಾರೆ. ಒಮ್ಮೆಗೆ ಒಂದು ಕಾರು ಗಡಿಯಾರಕ್ಕೆ ಎದುರಾಗಿ ಓಡುತ್ತದೆ. ಒಂದು ಓಟ ಹೆಚ್ಚುಕಡಿಮೆ ಒಂದು ನಿಮಿಷದ್ದು. ಒಂದು ಶಂಕು ಉರುಳಿದರೆ 2 ಸೆಕೆಂಡು ದಂಡ. 1944ರಲ್ಲಿ ಹುಟ್ಟಿದ ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕ ಎಂಬ ಸಂಸ್ಥೆ ಇದನ್ನು ದೇಶಾದ್ಯಂತ ನಡೆಸುತ್ತದೆ. ಮನೆಯ ಕಾರಿನಲ್ಲೇ ಹೋಗಿ, ಆಡಿ, ಅದೇ ಕಾರಿನಲ್ಲಿ ಮನೆಗೆ ಮರಳುವವರು ಬಹಳ ಮಂದಿ. ಈ ಮರಳುವ ಮಾತನ್ನು ಮರೆಯಬೇಡಿ.

ಟಯರು ನೆಲವನ್ನು ಹಿಡಿಯುವುದು ಹೇಗೆ? ರಬ್ಬರು ಮೆತ್ತಗಿದ್ದು, ರಸ್ತೆಯ ಸಣ್ಣ ಸಣ್ಣ ಉಬ್ಬುತಗ್ಗುಗಳೊಳಗೆ ಇಳಿದು ಒತ್ತಿಕೊಂಡಾಗ ಹಿಡಿತ ಹುಟ್ಟುತ್ತದೆ. ಚಳಿಯಲ್ಲಿ ರಬ್ಬರು ಬಿಗಿಯುತ್ತದೆ. ಎಣ್ಣೆಯಂತೆ ಅದು ಒಮ್ಮೆಗೇ ಹೆಪ್ಪುಗಟ್ಟುವುದಿಲ್ಲ. ಮೆಲ್ಲಮೆಲ್ಲನೆ ತನ್ನ ಮೆದುತನವನ್ನು ಕಳೆದುಕೊಂಡು, ಕೊನೆಗೆ ಗಾಜಿನಂತೆ ಪೆಡಸಾಗುತ್ತದೆ. ಯಾವ ಉಷ್ಣತೆಯಲ್ಲಿ ಹೀಗಾಗುವುದೆಂಬುದು ಅದರ ಪಾಕವನ್ನು ಅವಲಂಬಿಸಿದೆ. ಬೇಸಗೆಯ ಬಿಸಿಗೆ ಹದಮಾಡಿದ ವೇಗದ ಟಯರುಗಳು ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹಿಡಿತವನ್ನು ಬಹಳವಾಗಿ ಕಳೆದುಕೊಳ್ಳುತ್ತವೆ. ನಮ್ಮ ಬೆಂಗಳೂರಿನಲ್ಲಿ ದಾಖಲಾಗಿರುವ ಅತಿ ಕಡಿಮೆ ಉಷ್ಣತೆಯೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಆದಕಾರಣ ಇಲ್ಲಿ ಬೆಳೆದ ನನ್ನ ಶಿಷ್ಯನಿಗೆ ಈ ಅಪಾಯದ ಅರಿವು ಇಲ್ಲದಿದ್ದುದು ಆಶ್ಚರ್ಯವಲ್ಲ.

ಚಳಿಗೆ ಬಿಗಿದ ರಬ್ಬರಿನಿಂದ ಎಂತಹ ಅನಾಹುತ ಆಗಬಹುದೆಂಬುದಕ್ಕೆ ಲೋಕವೇ ಕಂಡ ದೃಷ್ಟಾಂತವೊಂದಿದೆ. 1986ರ ಜನವರಿ 28ರ ಕೊರೆಯುವ ಬೆಳಗಿನಲ್ಲಿ ಚಾಲೆಂಜರ್ ವ್ಯೋಮನೌಕೆ ಆಕಾಶದಲ್ಲೇ ಒಡೆದು 7 ಮಂದಿ ತೀರಿಕೊಂಡರು. ರಾಕೆಟ್ಟಿನ ಸಂದುಗಳನ್ನು ಮುಚ್ಚಬೇಕಾಗಿದ್ದ ರಬ್ಬರಿನ ಬಳೆ ಚಳಿಗೆ ತನ್ನ ಪುಟಿತವನ್ನು ಕಳೆದುಕೊಂಡಿತ್ತು. ರಿಚರ್ಡ್ ಫೈನ್‌ಮನ್ ಎಂಬ ವಿಜ್ಞಾನಿ ಅದರ ತುಂಡೊಂದನ್ನು ಮಂಜುಗಡ್ಡೆಯ ನೀರಿನಲ್ಲಿ ಅದ್ದಿ ತೆಗೆದು, ತನಿಖಾ ಸಭೆಯ ಎದುರಿನಲ್ಲೇ ಇದನ್ನು ತೋರಿಸಿಕೊಟ್ಟರು.

ಹಾಗಾದರೆ ಚಳಿಗಾಲಕ್ಕೆಂದೇ ಮಾಡಿದ ಟಯರನ್ನು ಹಾಕಿ ಓಡಬಾರದೇಕೆ? ಅದರ ರಬ್ಬರು ಚಳಿಯಲ್ಲೂ ಮೆತ್ತಗಿರುವುದು ನಿಜ. ಆದರೆ ಮಂಜನ್ನು ಕಚ್ಚಲೆಂದು ಅದರ ಮೈಮೇಲೆ ನೂರಾರು ಸಣ್ಣ ಸೀಳುಗಳಿರುತ್ತವೆ. ಒಣ ನೆಲದ ಬಿರುಸಾದ ತಿರುವಿನಲ್ಲಿ ಆ ತುಂಡುಗಳು ಅತ್ತಿತ್ತ ಬಾಗಿ, ಚುಕ್ಕಾಣಿಯ ಮಾತನ್ನು ಕಾರು ತಡವಾಗಿ ಕೇಳುತ್ತದೆ. ರಸ್ತೆಗೆ ಅದು ಆಪ್ತಬಂಧು. ಒಣ ನೆಲದ ಪಂದ್ಯಕ್ಕೆ ಅಲ್ಲ.

ಪಂದ್ಯದ ಟಯರುಗಳಲ್ಲೇ ಆರಿಸೋಣವೆಂದರೆ, ಪಕ್ಕದಲ್ಲಿ ಅಚ್ಚಾದ ಅಂಕಿಗಳು ಸಹಾಯಕ್ಕೆ ಬರುವುದಿಲ್ಲ. ಅಲ್ಲಿ ಸವೆತದ ಅಂಕಿಯೊಂದು ಇರುತ್ತದೆ; ಅದು ಹೆಚ್ಚಿದ್ದಷ್ಟೂ ಟಯರು ಬಾಳಿಕೆ ಬಂದೀತೆಂದು ಅರ್ಥ. ಉಷ್ಣತೆಯ ಅಕ್ಷರವೊಂದು ಇರುತ್ತದೆ. ಅದು ಹೇಳುವುದು ಬಿಸಿಯನ್ನು ತಾಳುವ ಶಕ್ತಿಯನ್ನು, ಚಳಿಯನ್ನಲ್ಲ. ಹಿಡಿತದ ಅಕ್ಷರ ಹೇಳುವುದು ತೋಯ್ದ ನೆಲದ ಮೇಲೆ ನೇರವಾಗಿ ಬ್ರೇಕು ಹಾಕಿದಾಗಿನ ಸಂಗತಿಯನ್ನು. ಜಪಾನಿನ ಯೋಕೋಹಾಮಾದವರ ಅಡ್ವಾನ್ ಎ052, ಕೊರಿಯದ ಹ್ಯಾಂಕೂಕ್‌ನವರ ವೆಂಟಸ್ ಆರ್‌ಎಸ್4 ಎರಡಕ್ಕೂ ಸವೆತದ ಅಂಕಿ 200. ಸ್ವಭಾವಗಳು ಮಾತ್ರ ಬೇರೆ ಬೇರೆ. ಮೊದಲನೆಯದು ಬೇಗ ಬಿಸಿಯಾಗಿ ಮೊದಲ ತಿರುವಿನಲ್ಲೇ ನೆಲವನ್ನು ಕಚ್ಚುತ್ತದೆ, ಬೇಗ ಸವೆಯುತ್ತದೆ, ಬೇಸಗೆಯಲ್ಲಿ ಕಾದು ಸೋಲುವುದರಿಂದ ಓಟಗಳ ನಡುವೆ ಅದಕ್ಕೆ ನೀರು ಚಿಮುಕಿಸುವುದುಂಟು. ಎರಡನೆಯದು ನಿಧಾನವಾಗಿ ಬಿಸಿಯೇರಿ, ಬಹುಕಾಲ ಬಾಳಿ, ದೀರ್ಘವಾದ ಓಟಕ್ಕೆ ಒದಗುತ್ತದೆ. ಒಂದೇ ನಿಮಿಷದ ಓಟದಲ್ಲಿ, ಅದೂ ತಣ್ಣಗಿನ ನೆಲದಲ್ಲಿ, ಅದಕ್ಕೆ ಮೈ ಬೆಚ್ಚಗಾಗುವಷ್ಟು ಹೊತ್ತೇ ಸಿಕ್ಕುವುದಿಲ್ಲ. ಹೀಗೆ ಬೇಸಗೆಯ ದೋಷವೇ ಚಳಿಯಲ್ಲಿ ಗುಣವಾಗುತ್ತದೆ. ದೀರ್ಘ ಓಟದ ಗುಣವೇ ಇಲ್ಲಿ ಕೊರತೆಯಾಗುತ್ತದೆ.

ಎರಡು ಟಯರುಗಳನ್ನು ಹೋಲಿಸುವಾಗಲೂ ನ್ಯಾಯ ತಪ್ಪಬಾರದು. ಬೆಳಗ್ಗೆ ಒಂದನ್ನೂ ಮಧ್ಯಾಹ್ನ ಇನ್ನೊಂದನ್ನೂ ಓಡಿಸಿ ಎರಡನೆಯದೇ ಮೇಲು ಎಂದರೆ ಅದು ತೀರ್ಪಲ್ಲ. ಅಷ್ಟರಲ್ಲಿ ನೆಲ ಬೆಚ್ಚಗಾಗಿರುತ್ತದೆ. ಚಾಲಕನಿಗೂ ದಾರಿ ಬಾಯಿಪಾಠವಾಗಿರುತ್ತದೆ. ಆದಕಾರಣ ಮೊದಲನೆಯದು, ಆಮೇಲೆ ಎರಡನೆಯದು, ಮತ್ತೆ ಮೊದಲನೆಯದು ಎಂದು ಓಡಿಸಬೇಕು. ಕಾರು, ಚಾಲಕ, ಟಯರಿನ ಅಳತೆ ಒಂದೇ ಇರಬೇಕು. ಗಾಳಿಯನ್ನು ಬಯಲಿನಲ್ಲೇ ಅಳೆಯಬೇಕು. ಏಕೆಂದರೆ ಉಷ್ಣತೆ ಐದೂವರೆ ಡಿಗ್ರಿ ಇಳಿದರೆ ಟಯರಿನ ಒತ್ತಡ ಚದರಂಗುಲಕ್ಕೆ ಸುಮಾರು 1 ಪೌಂಡು ಇಳಿಯುತ್ತದೆ. ಬೆಚ್ಚಗಿನ ಮನೆಯಲ್ಲಿ ತುಂಬಿದ ಲೆಕ್ಕ ಕೊರೆಯುವ ಬಯಲಿನಲ್ಲಿ 3 ಪೌಂಡಿನಷ್ಟು ತಪ್ಪಿದರೂ ತಪ್ಪೀತು. ಎಲ್ಲಕ್ಕಿಂತ ಮುಖ್ಯವಾಗಿ, ಮೊದಲ ಓಟದ ಕಾಲವನ್ನು ಬೇರೆಯಾಗಿ ಬರೆದಿಡಬೇಕು. ಚಳಿಯಲ್ಲಿ ಟಯರಿನ ನಿಜಗುಣ ಹೊರಬೀಳುವುದು ಆ ಓಟದಲ್ಲೇ.

ಪಂದ್ಯದಲ್ಲಿ ಜಾರಿದರೆ ಉರುಳುವುದು ಶಂಕು. ರಸ್ತೆಯಲ್ಲಿ ಜಾರಿದರೆ ಅಲ್ಲಿ ಮನುಷ್ಯರಿದ್ದಾರೆ. ಓಟ ಮುಗಿಸಿ ಎರಡು ಮೂರು ಗಂಟೆ ನಿಂತ ಟಯರು ಮತ್ತೆ ತಣ್ಣಗಾಗಿ ಬಿಗಿದಿರುತ್ತದೆ. ಸಂಜೆಯ ರಸ್ತೆ ಬಯಲಿಗಿಂತಲೂ ತಣ್ಣಗಿರುತ್ತದೆ. ಚಾಲಕನ ಮನಸ್ಸಿನಲ್ಲಿ ಮಾತ್ರ ಮಧ್ಯಾಹ್ನದ ಹಿಡಿತದ ನೆನಪು ಉಳಿದಿರುತ್ತದೆ. ಅಪಾಯ ಇರುವುದು ಈ ನೆನಪಿನಲ್ಲಿ. ಉಷ್ಣತೆ ಸುಮಾರು ಸೊನ್ನೆಗಿಂತ 7 ಡಿಗ್ರಿ ಕೆಳಗಿಳಿದರೆ ಇಂತಹ ಟಯರುಗಳು ಸೀಳಲೂಬಹುದು. ಆ ಚಳಿಯಲ್ಲಿ ಅವುಗಳ ಮೇಲೆ ಕಾರನ್ನು ಅಲುಗಿಸಲೂಬೇಡಿರೆಂದು ಹಲವು ತಯಾರಕರೇ ಎಚ್ಚರಿಸುತ್ತಾರೆ.

ದಾನ ಮಾಡುವಾಗ ದೇಶ, ಕಾಲ, ಪಾತ್ರ ಮೂರನ್ನೂ ನೋಡಬೇಕೆಂದು ನಮ್ಮ ಹಿರಿಯರು ವಿಧಿಸಿದರು. ಟಯರಿಗೂ ಅದೇ ಮಾತು ಸಲ್ಲುತ್ತದೆ. “ಯಾವುದು ಒಳ್ಳೆಯದು?” ಎಂಬ ಪ್ರಶ್ನೆ ಅರ್ಧ ಪ್ರಶ್ನೆ; “ಎಲ್ಲಿ, ಯಾವಾಗ, ಯಾವುದಕ್ಕೆ ಒಳ್ಳೆಯದು?” ಎಂದಾಗಲೇ ಅದು ಪೂರ್ಣವಾಗುತ್ತದೆ. ನನ್ನ ಶಿಷ್ಯನು ಈಗ ಎರಡು ಜೊತೆ ಚಕ್ರಗಳನ್ನು ಇಟ್ಟುಕೊಂಡಿದ್ದಾನೆ. ರಸ್ತೆಗೆ ಚಳಿಗಾಲದ ಟಯರು. ಪಂದ್ಯದ ಟಯರು ಬಯಲಿಗೆ ಮಾತ್ರ. ಅಲ್ಲಿಯೇ ಜಾಕು ಕೊಟ್ಟು ಬದಲಿಸುತ್ತಾನೆ, ಹೊರಡುವ ಮುನ್ನ ಮತ್ತೆ ಬದಲಿಸುತ್ತಾನೆ. ಚಳಿಗೆ ಬೆರಳು ಮರಗಟ್ಟುತ್ತದೆ, ಅರ್ಧ ಗಂಟೆ ಹಿಡಿಯುತ್ತದೆ ಎಂದು ಗೊಣಗುತ್ತಾನೆ. ಗೊಣಗಲಿ. ಸುಖವಾಗಿ ಮನೆ ಸೇರಿದವನ ಗೊಣಗಾಟ ಕೇಳುವವರಿಗೂ ಹಿತವೇ.