ಕಲಕತ್ತೆಗೆ ಹೋದ ಬೆಂಗಳೂರಿನ ಚೆಂಡಾಟಗಾರ

ಬ್ರೆಝಿಲ ದೇಶದ ಆಟಗಾರರು ಯುರೋಪಕ್ಕೆ ಹೋಗಿ ಗೋಲುಗಳ ಮಳೆಗರೆದ ಸುದ್ದಿಯನ್ನು ನೀವು ಓದಿಯೇ ಇದ್ದೀರಿ. ಜೋಸೆ ಆಲ್ತಾಫಿನಿ ಎಂಬಾತ 1958ರಲ್ಲಿ ಇಟಲಿಯ ಮಿಲಾನ ನಗರದ ತಂಡವನ್ನು ಸೇರಿದನು. 1963ರ ಯುರೋಪಿಯನ್ ಕಪ್ಪಿನ ಅಂತಿಮ ಪಂದ್ಯದಲ್ಲಿ ಆ ತಂಡ ಹೊಡೆದ ಎರಡು ಗೋಲುಗಳೂ ಅವನವೇ. ನಮ್ಮ ಮಾಳಮಡ್ಡಿಯ ಹುಡುಗರ ಅಂಗಿಯ ಬೆನ್ನ ಮೇಲೆ ಇಂದಿಗೂ ಬ್ರೆಝಿಲದವರ ಹೆಸರುಗಳು ಕಾಣುತ್ತವೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಹುಟ್ಟಿದೂರು ಬಿಟ್ಟು ಪರಸ್ಥಳದಲ್ಲಿ ಹೆಸರು ಪಡೆದ ಆಟಗಾರರು ನಮ್ಮ ನಾಡಿನಲ್ಲಿಯೂ ಆಗಿಹೋಗಿದ್ದಾರೆ. ಅಹಮದ್ ಖಾನ್ ಎಂಬ ಹೆಸರನ್ನು ಆ ಹುಡುಗರ ಮುಂದೆ ಹೇಳಿ ನೋಡಿರಿ!

ಖಾನರು ಹುಟ್ಟಿದುದು 1926ರಲ್ಲಿ, ಬೆಂಗಳೂರಿನಲ್ಲಿ. ಮನೆತನವೇ ಚೆಂಡಾಟದ್ದು. ಅವರು ಆಡಿದ ಬೆಂಗಳೂರು ಮುಸ್ಲಿಮ್ಸ್ ತಂಡವೇನೂ ಸಾಮಾನ್ಯದ್ದಲ್ಲ. ಮುಂಬಯಿಯ ರೋವರ್ಸ್ ಕಪ್ಪನ್ನು ಗೋರಾ ಸಿಪಾಯಿಗಳ ಕೈಯಿಂದ 1937ರಲ್ಲಿ ಕಿತ್ತುಕೊಂಡ ಮೊದಲ ಭಾರತೀಯ ತಂಡ ಅದು.

1949ರಲ್ಲಿ ಖಾನರು ಕಲಕತ್ತೆಯ ಈಸ್ಟ್ ಬೆಂಗಾಲ್ ಸಂಘಕ್ಕೆ ಹೋದರು. ಆ ಕಾಲವನ್ನು ತುಸು ಮನಸ್ಸಿಗೆ ತಂದುಕೊಳ್ಳಿರಿ. ದೇಶ ಒಡೆದು ಎರಡೇ ವರ್ಷ. ಪೂರ್ವ ಬಂಗಾಲದಿಂದ ಮನೆಮಾರು ಬಿಟ್ಟು ಓಡಿಬಂದವರು ಸಿಯಾಲದಾ ನಿಲ್ದಾಣದಲ್ಲಿ ಮಲಗುತ್ತಿದ್ದರು. ಅವರಿಗೆ ತಮ್ಮದೆಂದು ಹೇಳಿಕೊಳ್ಳಲು ಉಳಿದುದು ಊರಿನ ಹೆಸರು ಹೊತ್ತ ಆ ಸಂಘವೊಂದೇ. ಅದರ ಮುಂದಿನ ಸಾಲಿನಲ್ಲಿ ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹಮದ್ ಖಾನ್, ಸಾಲೇ ಎಂಬ ಐವರು. ಐವರೂ ದಕ್ಷಿಣದವರು, ಒಬ್ಬರೂ ಬಂಗಾಲಿಗಳಲ್ಲ. ಜನ ಇವರನ್ನು ಪಂಚಪಾಂಡವರೆಂದು ಕರೆಯಿತು. ಗದುಗಿನ ಭಾರತವನ್ನು ಪಾಠ ಹೇಳುವ ನನಗೆ ಈ ಹೆಸರು ಬಹಳ ಹಿಡಿಸಿದೆ. ವನವಾಸಕ್ಕೆ ಬಿದ್ದವರು ತಮ್ಮ ಪಾಡನ್ನೇ ಆಟಗಾರರಿಗೆ ಹೆಸರಾಗಿ ಇಟ್ಟಂತಿದೆ. ಮತದ ಜಗಳದಲ್ಲಿ ನೆಲೆ ಕಳೆದುಕೊಂಡ ಆ ಜನ ಕೊಂಡಾಡಿದ ಐವರಲ್ಲಿ ಇಬ್ಬರು ಮುಸಲ್ಮಾನರು. ಇದನ್ನು ಯಾರೂ ಅವರಿಗೆ ಭಾಷಣ ಮಾಡಿ ಕಲಿಸಿದ್ದಲ್ಲ.

ಆ ಒಂದೇ ವರ್ಷ ಸಂಘ ಲೀಗನ್ನೂ ಐ.ಎಫ್.ಎ. ಶೀಲ್ಡನ್ನೂ ರೋವರ್ಸ್ ಕಪ್ಪನ್ನೂ ಗೆದ್ದಿತು. ಶೀಲ್ಡು 1951ರ ವರೆಗೆ ಬೇರೆಯವರ ಕೈಸೇರಲಿಲ್ಲ. ಖಾನರು ಎಡಗಡೆಯ ಒಳಬದಿಯಲ್ಲಿ ಆಡುವವರು. ಚೆಂಡು ಅವರ ಕಾಲಿಗೆ ಅಂಟಿಕೊಂಡು ಬಳುಕುತ್ತ ಬರುತ್ತಿದ್ದುದರಿಂದ ಹಾವಾಡಿಗನೆಂಬ ಬಿರುದೂ ಬಂದಿತ್ತು. ತಾವು ಹೊಡೆಯುವುದರ ಜೊತೆಗೆ ಹೊಡೆಯುವವರಿಗೆ ಚೆಂಡು ಒದಗಿಸಿಕೊಡುವುದು ಅವರ ಕೆಲಸ. ಇಂಥವರ ದುಡಿಮೆ ಗೋಲಿನ ಲೆಕ್ಕದಲ್ಲಿ ಸಿಗುವುದಿಲ್ಲವಾದ್ದರಿಂದ ಲೋಕ ಬೇಗ ಮರೆಯುತ್ತದೆ.

ಬರಿಗಾಲಿನ ಮಾತು ಬಿಡುವಂತಿಲ್ಲ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ನಮ್ಮವರಲ್ಲಿ ಹೆಚ್ಚಿನವರು ಬೂಟಿಲ್ಲದೆಯೇ ಫ್ರಾನ್ಸಿನ ಮೇಲೆ ಆಡಿದರು. ಮೈಸೂರು ತಂಡದ ರಾಮನ್ ಒಂದು ಗೋಲು ಹೊಡೆದರು. ಎರಡು ಪೆನಾಲ್ಟಿಗಳು ವ್ಯರ್ಥವಾಗಿ 2-1ರಿಂದ ಸೋಲಾಯಿತು. ಖಾನರೂ ಅಂದು ಅಂಗಳದಲ್ಲಿದ್ದರು. 1951ರಲ್ಲಿ ದಿಲ್ಲಿಯ ಏಷ್ಯನ್ ಕ್ರೀಡೆಗಳಲ್ಲಿ ಭಾರತಕ್ಕೆ ಚಿನ್ನ ಬಂದಾಗಲೂ ತಂಡದಲ್ಲಿದ್ದರು.

ಮರುವರ್ಷ ಹೆಲ್ಸಿಂಕಿಯಲ್ಲಿ ಮಾತ್ರ ಯುಗೋಸ್ಲಾವಿಯ ನಮ್ಮನ್ನು 10-1ರಿಂದ ಬಡಿಯಿತು. ಬೂಟಿನ ಮಹತ್ವ ನಮ್ಮವರಿಗೆ ತಿಳಿದುದು ಆ ಪೆಟ್ಟಿನಿಂದ. ಆ ಒಂದು ಗೋಲು ಪಂದ್ಯದ ಕೊನೆಗಳಿಗೆಯಲ್ಲಿ ಬಂದುದು. ಹೊಡೆದವರು ಅಹಮದ್ ಖಾನ್. ಸೋಲು ಎಂದೋ ನಿಶ್ಚಯವಾಗಿತ್ತು. ಗಡಿಯಾರ ನೋಡುತ್ತ ನಿಂತಿದ್ದರೂ ಯಾರೂ ಬೈಯುತ್ತಿರಲಿಲ್ಲ. ಅವರ ಶೀಲ್ಡುಗಳೆಲ್ಲವುಗಳಿಗಿಂತ ಈ ಗೋಲನ್ನೇ ನಾನು ಹೆಚ್ಚೆಂದು ಎಣಿಸುತ್ತೇನೆ. ನೀವು ಒಪ್ಪಲಿಕ್ಕಿಲ್ಲ.

1959ರ ವರೆಗೆ, ಹತ್ತು ವರ್ಷ, ಅವರು ಆ ಒಂದೇ ಸಂಘಕ್ಕೆ ಆಡಿದರು. ಆಮೇಲೆ ಬೆಂಗಳೂರಿಗೆ ಮರಳಿ, ಅಲ್ಲಿಯೇ 2017ರ ಆಗಸ್ಟ್ 27ರಂದು ತೀರಿಕೊಂಡರು. ಆಗ ಅವರಿಗೆ 90 ವರ್ಷ.