ಗೆಲ್ಲುವುದು ಮೊದಲೇ ಗೊತ್ತಿದ್ದರೆ

ಚಿತ್ರಕಥೆಗಳನ್ನು ಓದಬೇಡಿ ಎಂದು ಹೇಳಲು ನಾನು ಬಂದಿಲ್ಲ. ಆ ಮಾತನ್ನು ನೀವು ಮನೆಯಲ್ಲಿ ಸಾಕಷ್ಟು ಕೇಳಿರುತ್ತೀರಿ. ನನ್ನ ತಕರಾರು ಬೇರೆ. ಮೊಬೈಲಿನಲ್ಲಿ ಬೆರಳಿನಿಂದ ಸರಿಸುತ್ತ ಓದುವ ಮಾಯೆ, ಖಡ್ಗ, ರಾಕ್ಷಸರ ಸಾಹಸಕಥೆಗಳು ಇಷ್ಟು ಬೇಗ ಸಪ್ಪೆಯಾಗುವುದೇಕೆ?

ಕೊರಿಯಾದ ‘ಸೋಲೋ ಲೆವೆಲಿಂಗ್’ ನಿಮ್ಮಲ್ಲಿ ಹಲವರಿಗೆ ಗೊತ್ತಿದೆ. ಚುಗಾಂಗ್ ಎಂಬುವರ ಕಾದಂಬರಿ, 2018ರಲ್ಲಿ ಚಿತ್ರಕಥೆಯಾಯಿತು. ಅದರ ನಾಯಕ ಜಿನ್-ವೂ ಬೇಟೆಗಾರರಲ್ಲೆಲ್ಲ ಅತಿ ದುರ್ಬಲ. ತಾಯಿ ಆಸ್ಪತ್ರೆಯಲ್ಲಿದ್ದಾಳೆ, ಆ ಖರ್ಚಿಗಾಗಿ ಜೀವ ಪಣಕ್ಕಿಟ್ಟು ದುಡಿಯುತ್ತಾನೆ. ದೈತ್ಯ ಕಲ್ಲಿನ ವಿಗ್ರಹಗಳ ಗುಹೆಯಲ್ಲಿ ಆತ ಸಿಕ್ಕಿಬೀಳುವ ಆರಂಭದ ಪ್ರಸಂಗ ನಿಜಕ್ಕೂ ಮೈ ಜುಮ್ಮೆನ್ನಿಸುತ್ತದೆ. ಅಲ್ಲಿ ಬಲವಿಲ್ಲ, ಬುದ್ಧಿ ಓಡಿಸಬೇಕು. ಓದುಗನೂ ಜೊತೆಗೆ ಲೆಕ್ಕ ಹಾಕುತ್ತಾನೆ. ಆಮೇಲೆ ಅವನೊಬ್ಬನಿಗೇ ಕಾಣುವ ಫಲಕವೊಂದು ದೊರೆಯುತ್ತದೆ. ಅಂಕ ಏರುತ್ತದೆ, ಹಂತ ಏರುತ್ತದೆ. ಎದುರಾಳಿ ಬಂದು ಬಡಾಯಿ ಕೊಚ್ಚುತ್ತಾನೆ, ಒಂದು ಹೊಡೆತ ಬೀಳುತ್ತದೆ, ಸುತ್ತ ನಿಂತವರು ಬಾಯಿ ಬಿಡುತ್ತಾರೆ. ಚಿತ್ರ ಬರೆದ ಜಾಂಗ್ ಸಂಗ್-ರಾಕ್ ಅವರ ಕೈ ಅಸಾಧಾರಣವಾದುದು. ಅವರು 2022ರಲ್ಲಿ ತೀರಿಕೊಂಡರು. ಆದರೆ ಆ ಕೈಯೂ ಇಲ್ಲದ ಅನುಕರಣೆಗಳಲ್ಲಿ ಉಳಿಯುವುದು ಫಲಕ ಮಾತ್ರ.

ಇದಕ್ಕೆ ಕಾರಣ ಬರಹಗಾರರ ಸೋಮಾರಿತನವೆಂದು ನಾನು ಹೇಳಲಾರೆ. ವಾರಕ್ಕೊಂದು ಕಂತು ಬರಲೇಬೇಕು. ಮುಂದಿನ ಕಂತಿಗೆ ಓದುಗ ಕಾಯಬೇಕು, ಇಲ್ಲವೇ ಹಣ ಕೊಟ್ಟು ಈಗಲೇ ಓದಬೇಕು ಎಂಬುದು ಇಂಥ ಅನೇಕ ತಾಣಗಳ ವ್ಯಾಪಾರದ ಕ್ರಮ. ಹೀಗಿರುವಾಗ ಪ್ರತಿ ಕಂತಿನ ಕೊನೆಗೂ ಒಂದು ಕೊಕ್ಕೆ ಬೇಕು. ಕೊಕ್ಕೆ ಹಾಕಲು ಅಂಕ ಏರಿಸುವುದೇ ಸುಲಭ ದಾರಿ.

ಹಾಗೆಂದು ಸೂತ್ರವೇ ತಪ್ಪೇ? ಅಲ್ಲ. ‘ಚಂದಮಾಮ’ದ ಬೇತಾಳ ಕಥೆಗಳನ್ನು ನಿಮ್ಮ ತಂದೆತಾಯಿಯರು ಬಲ್ಲರು. ಮತ್ತೆ ಮತ್ತೆ ಅದೇ ಮರ, ಅದೇ ಶವ, ಅದೇ ಮೌನಭಂಗ. ಆದರೆ ಪ್ರತಿ ಕಥೆಯ ತುದಿಯಲ್ಲಿ ಒಂದು ಪ್ರಶ್ನೆ ಇರುತ್ತಿತ್ತು: ಇವರಲ್ಲಿ ನಿಜವಾದ ತ್ಯಾಗಿ ಯಾರು, ತಪ್ಪು ಯಾರದು? ವಿಕ್ರಮ ಬಾಯಿ ತೆರೆಯುವ ಮೊದಲು ನಾವು ಉತ್ತರ ಹುಡುಕಬೇಕಾಗಿತ್ತು. ಬಯಲಾಟವೂ ಹೀಗೆಯೇ. ಕೀಚಕ ಸಾಯುತ್ತಾನೆಂದು ಊರಿಗೆಲ್ಲ ಗೊತ್ತು. ಆದರೂ ಬೆಳಗಿನವರೆಗೆ ಜನ ಕೂತಿರುತ್ತಾರೆ.

ಈಗ ಸುರಪುರ ಸೀಮೆಯ ಕೊಡೇಕಲ್ಲಿಗೆ ಬನ್ನಿ. ಇಲ್ಲಿನ ಕೊಡೇಕಲ್ ಬಸವಣ್ಣನ ಪರಂಪರೆಯಲ್ಲಿ ಕಾಲಜ್ಞಾನದ ಹಾಡುಗಳಿವೆ. ಅವುಗಳನ್ನು ಬರೆಯಲು ಅಮರಗನ್ನಡವೆಂಬ ಗೂಢಲಿಪಿಯಿದೆ. ಮುಂದೆ ಬರುವ ಕಾಲದ ಮಾತು, ಎಲ್ಲರಿಗೂ ಓದಲಾಗದ ಅಕ್ಷರ! ಯಾವ ಸಾಹಸಕಥೆಯ ಕರ್ತೃವಾದರೂ ಇದಕ್ಕೆ ಆಸೆಪಡಬೇಕು. ದಕ್ಷಿಣದ ನೀಲಗಾರರು ಹಾಡುವ ಮಂಟೇಸ್ವಾಮಿಯನ್ನೂ ವಿದ್ವಾಂಸರು ಈ ಪರಂಪರೆಯೊಂದಿಗೆ ಜೋಡಿಸುತ್ತಾರೆ.

ಆ ಮಹಾಕಾವ್ಯದ ನಾಯಕನನ್ನು ಜಿನ್-ವೂ ಪಕ್ಕದಲ್ಲಿ ನಿಲ್ಲಿಸಿ ನೋಡಿ. ಆತನೂ ಮೊದಲು ತೀರ ಕೀಳಾಗಿ ಕಾಣುವವನೇ. ಮೈಯೆಲ್ಲ ಕುಷ್ಠ, ಕೊಳೆ, ನೊಣ. ಆ ವೇಷದಲ್ಲಿ ಕಲ್ಯಾಣದ ಬಾಗಿಲಿಗೆ ಬರುತ್ತಾನೆ. ಬಾಗಿಲವರು ತಡೆಯುತ್ತಾರೆ. ಶಕ್ತಿ ಆತನಲ್ಲಿ ಮೊದಲಿನಿಂದಲೂ ಪೂರ್ಣವಾಗಿಯೇ ಇದೆ. ಏರುವುದು ಏನೂ ಇಲ್ಲ. ಹಾಗಾದರೆ ಕಥೆ ಎಲ್ಲಿದೆ? ಪರೀಕ್ಷೆ ನಡೆಯುವುದು ಆತನದಲ್ಲ, ಸುತ್ತಲಿನವರದು. ನಿಜವಾದ ಶರಣ ಯಾರು, ಊಟಕ್ಕಾಗಿ ವೇಷ ಹಾಕಿದವನು ಯಾರು ಎಂಬುದು ಆ ದುರ್ನಾತದ ಎದುರು ಬಯಲಾಗುತ್ತದೆ. ಮುಂದೆ ಶಿಷ್ಯ ಸಿದ್ದಪ್ಪಾಜಿಯ ಸರದಿ. ಕಮ್ಮಾರರ ಮನೆಯ ಹುಡುಗ. ಗುರು ಆತನ ಕೈಗೆ ಕತ್ತಿ ಕೊಡುವುದಿಲ್ಲ, ಹಲಗೂರಿನ ಪಾಂಚಾಳರ ಬಳಿ ಕಬ್ಬಿಣದ ಭಿಕ್ಷೆ ಬೇಡಿ ತಾ ಎಂದು ಕಳಿಸುತ್ತಾನೆ. ತನ್ನ ಕುಲದವರ ಎದುರೇ ಕೈಯೊಡ್ಡಬೇಕು. ಬೈಗುಳ, ಹಿಂಸೆ ಎಲ್ಲವನ್ನೂ ಅಲ್ಲಿ ಉಣ್ಣಬೇಕು. ಯಾವ ಫಲಕದಲ್ಲಿ ಇದಕ್ಕೆ ಅಂಕವಿದೆ?

ನಿಮ್ಮಲ್ಲಿ ಚಿತ್ರ ಬರೆಯುವವರು ಇದ್ದೇ ಇರುತ್ತಾರೆ. ಹಲಗೂರಿನ ಪ್ರಸಂಗವನ್ನು ಹತ್ತು ಚೌಕಗಳಲ್ಲಿ ಬರೆದು ನೋಡಿ. ಅದಕ್ಕಿಂತ ಕಷ್ಟದ್ದು ಕಲ್ಯಾಣದ ಬಾಗಿಲು. ಖಡ್ಗದ ಹೊಳಪನ್ನು ಯಾರಾದರೂ ಬರೆದಾರು. ನಾತವನ್ನು ಕಾಗದದ ಮೇಲೆ ತರುವುದು ಹೇಗೆ? ಬಾಗಿಲವರ ಮುಖದಿಂದ ಆರಂಭಿಸಬಹುದೇನೋ.